ಚಾರಣಕ್ಕೂ ಪ್ರಯಾಣಕ್ಕೂ ಕ್ಯಾಮೆರಾ ಸ್ಟ್ರಾಪ್: ಕತ್ತು ಕೊರೆಯದಂಥದ್ದು ಯಾವುದು?

ಕಾಲ್ದಾರಿ

ಕ್ಯಾಮೆರಾ ಸೋನಿ ಎ7 ಫೋರ್, ಲೆನ್ಸ್ 24-105 ಎಫ್4. ಬಾಡಿ 658 ಗ್ರಾಂ, ಲೆನ್ಸ್ 663 ಗ್ರಾಂ, ಲೆನ್ಸಿನ ತುದಿಗೆ ಹಾಕುವ ಹುಡ್ಡು, ಫಿಲ್ಟರ್ ಎಲ್ಲ ಸೇರಿದರೆ 1.4 ಕೆಜಿ ಆಸುಪಾಸು. ಬೆನ್ನಿಗೆ 28 ಲೀಟರಿನ ಬ್ಯಾಗು, ಸೊಂಟದ ಬೆಲ್ಟ್ ಇದೆ. ದಿನಕ್ಕೆ ಆರೇಳು ಗಂಟೆ ನಡಿಗೆ, ಏರೂ ಇದೆ ಇಳಿಜಾರೂ ಇದೆ, ಕೈಯಲ್ಲಿ ಊರುಗೋಲು. ಚಾರಣ ಇಲ್ಲದ ದಿನ ಇದೇ ಕ್ಯಾಮೆರಾ ಬಸ್ಸು, ರೈಲು, ಊರು ಸುತ್ತಾಟಕ್ಕೆ.

ಡಬ್ಬಿಯಲ್ಲಿ ಬಂದ ಪಟ್ಟಿ ಎರಡನೇ ಗಂಟೆಗೇ ಕತ್ತು ಕೊರೆಯಲು ಶುರು ಮಾಡುತ್ತದೆ. ದಪ್ಪ ಪ್ಯಾಡ್ ಇರುವ, ರಬ್ಬರಿನಂತೆ ಹಿಗ್ಗುವ ನಿಯೋಪ್ರೀನ್ ಪಟ್ಟಿ ತಗೊಂಡರೆ ಸಾಕಾ? ಅಡ್ಡಹೆಗಲಿಗೆ ಹಾಕುವ ಸ್ಲಿಂಗ್ ಪಟ್ಟಿ ಬೆನ್ನಿನ ಬ್ಯಾಗಿನ ಜೊತೆ ಹೊಂದುತ್ತಾ? ಬ್ಯಾಗಿನ ಪಟ್ಟಿಗೇ ಕಚ್ಚಿಸುವ ಕ್ಲಿಪ್ಪನ್ನು ನಂಬಬಹುದಾ? ಒಂದೇ ಪಟ್ಟಿಯಲ್ಲಿ ಎರಡೂ ಕೆಲಸ ಆಗಲಿ ಅನ್ನೋದು ಆಸೆ. ಆಗಲ್ಲ ಅಂದ್ರೆ ಅದನ್ನೂ ಹೇಳಿಬಿಡಿ.

ಮೂರುಕಾಲು

ಆಗಲ್ಲ. ಅಥವಾ ಆಗುತ್ತೆ, ಆದರೆ ಎರಡರಲ್ಲೂ ಅರ್ಧಂಬರ್ಧ.

ಕಾರಣ ಪ್ಯಾಡ್ ಅಲ್ಲ, ಬ್ಯಾಗು. ಬೆನ್ನಿಗೆ ಬ್ಯಾಗು ಬಂದ ಕೂಡಲೇ ಹೆಗಲು ಭರ್ತಿಯಾಯಿತು. ಸ್ಲಿಂಗ್ ಕೂರಬೇಕಾದ ಜಾಗದಲ್ಲಿ ಬ್ಯಾಗಿನ ಪಟ್ಟಿ ಆಗಲೇ ಕೂತಿದೆ. ಹಾಗಾಗಿ ಯಾವ ಪಟ್ಟಿ ಅಂತ ಕೇಳುವ ಮೊದಲು ತೂಕ ಎಲ್ಲಿಗೆ ಇಳಿಯಬೇಕು ಅಂತ ಕೇಳಿಕೊಳ್ಳಿ. ಕತ್ತಿಗೆ, ಒಂದು ಹೆಗಲಿಗೆ, ಅಥವಾ ಬ್ಯಾಗಿನ ಪಟ್ಟಿಗಳಿಗೆ. ಪಟ್ಟಿಯ ಮಟ್ಟಿಗೆ ಮುಖ್ಯ ದಾರಿ ಇವು.

ಕತ್ತು ಇದಕ್ಕೆ ಮಾಡಿದ್ದಲ್ಲ. ಕ್ಯಾಮೆರಾ ಎದೆಯ ಮುಂದೆ ತೂಗುವಾಗ ತೂಕ ಬೆನ್ನುಮೂಳೆಯಿಂದ ಮುಂದಕ್ಕೆ ಇರುತ್ತದೆ, ತಲೆಯನ್ನು ನೇರ ಹಿಡಿಯಲು ಕತ್ತಿನ ಹಿಂಭಾಗದ ಸ್ನಾಯು ಇಡೀ ದಿನ ಎಳೆದುಕೊಂಡೇ ಇರಬೇಕು. ಪಟ್ಟಿ ಅಗಲ ಮಾಡಿದರೆ ಚರ್ಮಕ್ಕೆ ಕೊರೆಯುವುದು ಕಮ್ಮಿಯಾಗುತ್ತದೆ, ಸ್ನಾಯುವಿನ ದುಡಿಮೆ ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಅದಕ್ಕೇ ದುಬಾರಿ ಪ್ಯಾಡ್ ಹಾಕಿದವರೂ ಸಂಜೆ ಹೊತ್ತಿಗೆ ಕತ್ತು ಉಜ್ಜಿಕೊಳ್ಳುವುದು. ಅರ್ಧ ಕೆಜಿಯ ಪುಟ್ಟ ಕ್ಯಾಮೆರಾಗೆ ಕತ್ತಿನ ಪಟ್ಟಿ ಸರಿಯೇ. 1.4 ಕೆಜಿಗೆ ಬೇಡ.

ಸ್ಲಿಂಗಿನಲ್ಲಿ ಎರಡು ಜಾತಿ ಇವೆ, ಅಂಗಡಿಯವರು ಎರಡನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ. ಮೊದಲನೆಯದರಲ್ಲಿ ಪ್ಯಾಡ್ ಹೆಗಲ ಮೇಲೆ ಕದಲದೆ ನಿಲ್ಲುತ್ತದೆ, ಕ್ಯಾಮೆರಾ ಮಾತ್ರ ಪಟ್ಟಿಯುದ್ದಕ್ಕೂ ಜಾರಿ ಕಣ್ಣಿಗೆ ಬರುತ್ತದೆ, ಬ್ಲ್ಯಾಕ್‌ರ‍್ಯಾಪಿಡ್ ಮಾದರಿ. ಎರಡನೆಯದರಲ್ಲಿ ಕ್ಯಾಮೆರಾ ಪಟ್ಟಿಗೆ ಕಟ್ಟಿಕೊಂಡಿರುತ್ತದೆ, ಇಡೀ ಪಟ್ಟಿಯೇ ಹೆಗಲ ಮೇಲೆ ಜಾರಬೇಕು. ಪೀಕ್ ಡಿಸೈನ್ ಸ್ಲೈಡ್ ಮಾದರಿ. ಬ್ಯಾಗಿನ ಕೆಳಗೆ ಎರಡನೇ ಜಾತಿಯದ್ದನ್ನು ಹಾಕಿದಿರೋ ಕೆಟ್ಟಿತು. ಬ್ಯಾಗಿನ ಪಟ್ಟಿ ಅದನ್ನು ಒತ್ತಿ ಹಿಡಿದಿರುತ್ತದೆ, ಕ್ಯಾಮೆರಾ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಮೊದಲನೆಯದು ಕೆಳಗೆ ಹಾಕಿದರೂ ಹೇಗೋ ನಡೆಯುತ್ತದೆ, ಆದರೆ ಪ್ಯಾಡಿನ ಹೊಲಿಗೆ, ಬಕಲ್, ಅದರ ಮೇಲೆ ಬ್ಯಾಗಿನ ಭಾರ, ಮೂರೂ ಸೇರಿ ಕಾಲರ್ ಮೂಳೆಯ ಮೇಲೆ ಒಂದು ಗೆರೆ ಎಳೆಯುತ್ತವೆ.

ಬ್ಯಾಗಿನ ಮೇಲೆ ಹಾಕಿದರೆ ಜಾರುತ್ತದೆ, ಒತ್ತುವುದಿಲ್ಲ. ಬದಲಿಗೆ ನೀರು ಕುಡಿಯಲು ಬ್ಯಾಗ್ ಇಳಿಸುವಾಗಲೆಲ್ಲ ಮೊದಲು ಕ್ಯಾಮೆರಾ ಇಳಿಸಬೇಕು. ದಿನಕ್ಕೆ ಹತ್ತು ಸಲ. ಮೇಲಾಗಿ ಇಳಿಜಾರಿನಲ್ಲಿ ಮುಂದಕ್ಕೆ ಬಾಗಿದಾಗ ಸೊಂಟದ ಪಕ್ಕದಿಂದ ಕ್ಯಾಮೆರಾ ಜೋಕಾಲಿಯಂತೆ ಮುಂದಕ್ಕೆ ಬಂದು ಊರುಗೋಲಿಗೋ ಬಂಡೆಗೋ ಬಡಿಯುತ್ತದೆ. ಕಂಕುಳ ಕೆಳಗಿಂದ ಹೋಗುವ ಎರಡನೇ ತೆಳು ಪಟ್ಟಿ ಇದ್ದರೆ ತಡೆಯಬಹುದು, ಅದೂ ಬ್ಯಾಗಿನ ಜೊತೆ ಸಿಕ್ಕು.

ಆದ್ದರಿಂದ ನಡೆಯುವ ದಿನ ಬ್ಯಾಗಿನ ಪಟ್ಟಿಗೆ ತೂಕ ಕೊಡಿ. ಅದರಲ್ಲಿ ಎರಡು ದಾರಿ: ಕಚ್ಚಿಸುವ ಕ್ಲಿಪ್, ಇಲ್ಲವೇ ಬ್ಯಾಗಿನ ಎರಡೂ ಪಟ್ಟಿಯ ಡಿ-ರಿಂಗಿನಿಂದ (ಡಿ ಅಕ್ಷರದ ಆಕಾರದ ಉಂಗುರ) ಗೇಣುದ್ದದ ಒಂದೊಂದು ಪಟ್ಟಿ ಇಳಿಬಿಟ್ಟು ಎದೆಯ ಮುಂದೆ ಕ್ಯಾಮೆರಾ ತೂಗಿಸುವುದು.

ಎರಡನೆಯದನ್ನೇ ಮೊದಲು ನೋಡಿ, ಖರ್ಚು ಹೆಚ್ಚೇನಿಲ್ಲ. ಹೆಗಲಿನ ಹತ್ತಿರ, ಕಾಲರ್ ಮೂಳೆಯ ಮಟ್ಟದಲ್ಲಿ ಡಿ-ರಿಂಗ್ ಇರಬೇಕು. ಇಲ್ಲದಿದ್ದರೆ ಬ್ಯಾಗಿನ ಮೇಲ್ತುದಿಯನ್ನು ಹೆಗಲಿಗೆ ಎಳೆಯುವ ಪಟ್ಟಿ ಇರುತ್ತದಲ್ಲ, ಅದರ ಬುಡಕ್ಕೆ 3 ಮಿಮೀ ದಪ್ಪದ ಹಗ್ಗದ ಕುಣಿಕೆ ಹಾಕಿ. ಕುಣಿಕೆಯಿಂದ ಪಟ್ಟಿ, ಪಟ್ಟಿಯಿಂದ ಕ್ಯಾಮೆರಾದ ಕಿವಿ, ಅಂದರೆ ಪಟ್ಟಿ ಕಟ್ಟಲು ಬಾಡಿಯ ಎರಡೂ ಪಕ್ಕ ಇರುವ ಕೊಂಡಿ. ಉದ್ದ ಎಷ್ಟಿರಬೇಕೆಂದರೆ ಕ್ಯಾಮೆರಾದ ತಳ ಎದೆಮೂಳೆ ಮುಗಿಯುವಲ್ಲಿ ಬರಬೇಕು. ಹೊಟ್ಟೆಯ ಮಟ್ಟಕ್ಕೆ ಇಳಿದರೆ ಪ್ರತಿ ಮೆಟ್ಟಿಲಿಗೂ ಮೊಣಕಾಲು ತಾಕುತ್ತದೆ, ಮೇಲೆ ಹೋದರೆ ಗಲ್ಲಕ್ಕೆ ಗುದ್ದುತ್ತದೆ. ಕೀಲಿಗೊಂಚಲಿಗೆ ಹಾಕುವ ಅಲ್ಯುಮಿನಿಯಂ ಕೊಕ್ಕೆ ಬಳಸಬೇಡಿ. ಅದರ ಬಾಗಿಲಿನ ಸ್ಪ್ರಿಂಗ್ ಬೆರಳು ತಾಕಿದರೂ ತೆರೆಯುತ್ತದೆ.

ಇದರ ದೊಡ್ಡ ಅಪಾಯ: ಬ್ಯಾಗ್ ಕಳಚುವಾಗ ಮರೆವು. ಎಡಗೈ ಹೊರಗೆಳೆದು ಬ್ಯಾಗು ಬಲಕ್ಕೆ ಜಾರಿಸಿದಿರಿ ಎಂದರೆ ಕ್ಯಾಮೆರಾ ಅದರ ಜೊತೆಗೇ ನೆಲಕ್ಕೆ. ಕ್ರಮ ಹೀಗಿರಲಿ: ಎದೆಪಟ್ಟಿ ಬಿಚ್ಚು, ಕ್ಯಾಮೆರಾದ ಎಡ ಕೊಂಡಿ ಬಿಚ್ಚು, ಕ್ಯಾಮೆರಾ ಬಲಗೈಯಲ್ಲಿ, ಆಮೇಲೆ ಬ್ಯಾಗು.

ಸ್ಪ್ರಿಂಗ್‌ತಕ್ಕಡಿ

ನಿಯೋಪ್ರೀನ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಇದು.

ಹಿಗ್ಗುವ ಪಟ್ಟಿ ಅಂಗಡಿಯಲ್ಲಿ ನಿಂತು ನೋಡುವಾಗ ಹಗುರ ಅನಿಸುತ್ತದೆ. ನಡೆಯುವಾಗ ಅದೇ ಪಟ್ಟಿ ಸ್ಪ್ರಿಂಗ್. ಸ್ಪ್ರಿಂಗಿಗೆ ತೂಗಿದ ವಸ್ತು ತನ್ನದೇ ತಾಳದಲ್ಲಿ ಕುಣಿಯುತ್ತದೆ, ಆ ತಾಳ ಎಷ್ಟೆಂದು ಪಟ್ಟಿ ಎಷ್ಟು ಹಿಗ್ಗಿತು ಎಂಬುದರಿಂದಲೇ ಲೆಕ್ಕ ಹಾಕಬಹುದು. ಕ್ಯಾಮೆರಾ ತೂಗಿಬಿಟ್ಟಾಗ 6 ಸೆಂ.ಮೀ. ಹಿಗ್ಗಿದರೆ ಸೆಕೆಂಡಿಗೆ ಸುಮಾರು 2 ಕುಣಿತ. ಸಾಮಾನ್ಯ ನಡಿಗೆಯೂ ನಿಮಿಷಕ್ಕೆ 100ರಿಂದ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಎರಡೇ. ಎರಡೂ ತಾಳ ಕೂಡಿದವು ಅಂದರೆ ಪ್ರತಿ ಹೆಜ್ಜೆಯೂ ಹಿಂದಿನ ಕುಣಿತಕ್ಕೆ ಇನ್ನಷ್ಟು ಸೇರಿಸುತ್ತಾ ಹೋಗುತ್ತದೆ. ಜೋಕಾಲಿ ತಳ್ಳಿದ ಹಾಗೆ. ಕತ್ತಿಗೆ ಬೀಳುವುದು ಆಗ 1.4 ಕೆಜಿ ಅಲ್ಲ, ಅದಕ್ಕಿಂತ ಜಾಸ್ತಿ, ಅದೂ ಬಡಿದು ಬಡಿದು.

ಮನೆಯಲ್ಲೇ ಅಳೆಯಿರಿ. ಪಟ್ಟಿ ಬಾಗಿಲ ಹಿಡಿಗೆ ಹಾಕಿ, ಕ್ಯಾಮೆರಾ ತೂಕದ ನೀರಿನ ಬಾಟಲಿ ಕಟ್ಟಿ. ಬಾಟಲಿಯನ್ನು ಕೈಯಿಂದ ಎತ್ತಿ ಹಿಡಿದು ಪಟ್ಟಿಯ ಸಡಿಲ ಹೋಗುವಷ್ಟು ಮಾತ್ರ ಇಳಿಸಿ, ಗೋಡೆಗೆ ಗುರುತು ಮಾಡಿ. ಪೂರ್ತಿ ಬಿಡಿ, ಮತ್ತೆ ಗುರುತು. ನಡುವೆ 1 ಸೆಂ.ಮೀ. ಒಳಗಿದ್ದರೆ ಚಿಂತೆ ಇಲ್ಲ. 4ರಿಂದ 8 ಸೆಂ.ಮೀ. ಇದ್ದರೆ ಚಾರಣಕ್ಕೆ ಬೇಡವೇ ಬೇಡ. ನಿಂತಲ್ಲೇ ನಿಂತು ಫೋಟೊ ತೆಗೆಯುವವರಿಗೆ ಅದೇ ಪಟ್ಟಿ ಹಿತವಾಗಿರುತ್ತದೆ, ಅದರ ಜಾಹೀರಾತು ಸುಳ್ಳೇನಲ್ಲ.

ಇನ್ನೊಂದು: ನಿಯೋಪ್ರೀನ್ ಪಟ್ಟಿಯ ಮೇಲಿನ ಬಟ್ಟೆ ಬೆವರು ಹೀರಿ ಒದ್ದೆಯಾಗೇ ಕೂತಿರುತ್ತದೆ. ಎರಡನೇ ದಿನ ಬೆಳಿಗ್ಗೆ ತಣ್ಣನೆಯ ಒದ್ದೆ ಪಟ್ಟಿ ಕತ್ತಿಗೆ ಹಾಕಿಕೊಳ್ಳುವುದು ಯಾರಿಗೂ ಇಷ್ಟವಾಗುವ ಕೆಲಸವಲ್ಲ.

ಹಕ್ಕಿಮರ

ಕ್ಲಿಪ್ಪನ್ನು ನಂಬಬಹುದಾ ಅಂದರೆ: ಕ್ಲಿಪ್ಪನ್ನು ನಂಬಬಹುದು, ಹಾಕಿದವರನ್ನು ನೋಡಿಕೊಳ್ಳಬೇಕು. ಪೀಕ್ ಡಿಸೈನ್‌ನ ಕ್ಯಾಪ್ಚರ್ ಎಂಬ ಕ್ಲಿಪ್ ತಡೆಯುವ ಭಾರ 90 ಕೆಜಿ ಎಂದು ಕಂಪನಿಯೇ ಹೇಳಿದೆ. ಅಷ್ಟು ತೂಕದ ಕ್ಯಾಮೆರಾ ಯಾರ ಹತ್ತಿರವೂ ಇಲ್ಲ. ಬೀಳುವುದೆಲ್ಲ ಬೇರೆ ಕಡೆಯಿಂದ.

ಮೊದಲನೆಯದು ತಳದ ಪ್ಲೇಟು, ಕ್ಯಾಮೆರಾ ತಳಕ್ಕೆ ಸ್ಕ್ರೂ ಹಾಕಿ ಕ್ಲಿಪ್ಪಿನೊಳಗೆ ಜಾರಿಸುವ ತುಂಡು. ಕ್ಯಾಮೆರಾ ತಳದ ತೂತು ಕಾಲು ಇಂಚಿನದು, ಇಂಚಿಗೆ 20 ಸುತ್ತು. ಒಂದೇ ಸ್ಕ್ರೂ, ಅದರ ಸುತ್ತ ಕ್ಯಾಮೆರಾ ತಿರುಗಬಹುದು. ಲೆನ್ಸ್ ಕೆಳಮುಖವಾಗಿ ಇರುವಾಗ ಪ್ರತಿ ಹೆಜ್ಜೆಗೂ ಪ್ಲೇಟಿಗೆ ಒಂದು ಸಣ್ಣ ತಿರುಚು ಬೀಳುತ್ತದೆ. ಕೈಬೆರಳಲ್ಲಿ ಬಿಗಿ ಮಾಡಿದ ಸ್ಕ್ರೂ ನಡೆಯುತ್ತಾ ನಡೆಯುತ್ತಾ ಸಡಿಲವಾಗಬಹುದು. ಜೊತೆಗೆ ಬರುವ ಷಡ್ಭುಜ ಕೀಲಿಯಿಂದಲೇ ಬಿಗಿ ಮಾಡಿ, ಆ ಕೀಲಿಯನ್ನು ಬ್ಯಾಗಿನಲ್ಲೇ ಇಡಿ. ಪ್ರತಿ ತಂಗುವಿಕೆಗೂ ಹೆಬ್ಬೆರಳಿಂದ ಪ್ಲೇಟನ್ನು ಪಕ್ಕಕ್ಕೆ ತಳ್ಳಿ ನೋಡಿ. ಕೂದಲೆಳೆಯಷ್ಟು ಕದಲಿದರೂ ಬಿಗಿ ಮಾಡಬೇಕು. ಸ್ಕ್ರೂ ಬಿಡದಿರಲಿ ಎಂದು ಅಂಟು ಹಾಕುವ ಐಡಿಯಾ ಬೇಡ; ಆಮೇಲೆ ಬಿಚ್ಚಲು ಹೋಗಿ ತೂತಿನೊಳಗಿನ ಸುತ್ತೇ ಕೆಡುತ್ತದೆ. ಪ್ಲೇಟಿನ ರಬ್ಬರು ಸವೆದು ನುಣುಪಾಗಿದ್ದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಪ್ಲೇಟು ಬದಲಿಸಿ.

ಎರಡನೆಯದು ಅರೆ ಕೂತ ಪ್ಲೇಟು. ಜಾರಿಸಿದಾಗ ಟಕ್ ಅಂತ ಶಬ್ದ ಬರಬೇಕು, ಬಂದ ಮೇಲೆ ಒಮ್ಮೆ ಮೇಲಕ್ಕೆ ಜಗ್ಗಿ ನೋಡಬೇಕು. ಚಳಿಗೆ ದಪ್ಪ ಕೈಗವಸು ಹಾಕಿರುವಾಗ, ಗಾಳಿಯ ಸದ್ದಿನಲ್ಲಿ, ಟಕ್ ಕೇಳುವುದಿಲ್ಲ. ಜಗ್ಗುವುದೊಂದೇ ಸಾಕ್ಷಿ. ಬಿಡಿಸುವ ಗುಂಡಿ ತಿರುಗಿಸಿ ಬೀಗ ಹಾಕುವ ವ್ಯವಸ್ಥೆ ಅದರಲ್ಲೇ ಇದೆ. ಪೊದೆ ದಾರಿಯಲ್ಲಿ ಬೀಗ ಹಾಕಿಯೇ ನಡೆಯಿರಿ.

ಮೂರನೆಯದಕ್ಕೆ ಬ್ಯಾಗೇ ಕಾರಣ. ಪಟ್ಟಿ 6.4 ಸೆಂ.ಮೀ.ಗಿಂತ ಅಗಲ ಇದ್ದರೆ ಕ್ಲಿಪ್ಪಿನ ಎರಡು ಬೋಲ್ಟಿನ ನಡುವೆ ಹಿಡಿಯುವುದಿಲ್ಲ. ತೀರಾ ಹಗುರ ಬ್ಯಾಗಿನ ತೆಳ್ಳನೆಯ ಮೆತ್ತನೆ ಪಟ್ಟಿಯಾದರೆ ಹಿಡಿಯುತ್ತದೆ, ಆದರೆ ತೂಕಕ್ಕೆ ಪಟ್ಟಿ ಮಗುಚಿಕೊಂಡು ಕ್ಲಿಪ್ಪಿನ ಅಂಚು ಎದೆಗೆ ಚುಚ್ಚುತ್ತದೆ. ಕೊಳ್ಳುವ ಮೊದಲು ನಿಮ್ಮ ಪಟ್ಟಿಗೆ ಟೇಪು ಹಿಡಿದು ಅಳೆಯಿರಿ.

ಎಲ್ಲಿ ಹಾಕಬೇಕು? ಎಡಗಡೆ, ಕಾಲರ್ ಮೂಳೆಯಿಂದ ನಾಲ್ಕು ಬೆರಳು ಕೆಳಗೆ, ಲೆನ್ಸ್ ನೆಲ ನೋಡುವ ಹಾಗೆ. ಬಲಗೈಯಿಂದ ಹಿಡಿ ಸಿಗುತ್ತದೆ, ಎಡ ಹೆಬ್ಬೆರಳು ಗುಂಡಿ ಒತ್ತುತ್ತದೆ. ಪ್ಲೇಟು ಚೌಕ, ನಾಲ್ಕು ಕಡೆಯಿಂದಲೂ ಒಳಗೆ ಹೋಗುತ್ತದೆ, ಹಾಗಾಗಿ ಕೈಗೆ ಒಗ್ಗುವ ದಿಕ್ಕು ಹುಡುಕಿಕೊಳ್ಳಿ. ಎದೆಪಟ್ಟಿಯನ್ನು ಕ್ಲಿಪ್ಪಿಗಿಂತ ಸ್ವಲ್ಪ ಕೆಳಗೆ ಬಿಗಿದರೆ ಕ್ಯಾಮೆರಾ ಕಂಕುಳ ಕಡೆ ವಾಲುವುದು ನಿಲ್ಲುತ್ತದೆ. ಹುಡ್ಡು ನೇರ ಹಾಕಿರಲಿ, ಲೆನ್ಸ್ ಬಂಡೆಗೆ ತಾಕಿದರೆ ಮೊದಲ ಏಟು ಅದಕ್ಕೆ.

ಲೆನ್ಸ್ ಉದ್ದದ ಮಿತಿ ಒಂದು ಗೇಣು. ಅದಕ್ಕಿಂತ ಉದ್ದ ಆದರೆ ಹತ್ತುವಾಗ ತೊಡೆ ಎತ್ತಿದಂತೆಲ್ಲ ಲೆನ್ಸ್ ಮೇಲಕ್ಕೆ ತಳ್ಳಲ್ಪಟ್ಟು ಕ್ಯಾಮೆರಾ ಗಲ್ಲಕ್ಕೆ ಬರುತ್ತದೆ. 24-105 ಮಡಚಿದಾಗ ಸರಿಹೋಗುತ್ತದೆ. ನಡುವೆ ತಾನೇ ಉದ್ದವಾಗುವ ಚಾಳಿ ಇದ್ದರೆ ಜೂಮ್ ಉಂಗುರಕ್ಕೂ ಲೆನ್ಸಿನ ಮೈಗೂ ಸೇರಿ ಒಂದು ಅಗಲ ರಬ್ಬರ್ ಬ್ಯಾಂಡ್ ಹಾಕಿ, ಜಾರುವುದು ನಿಲ್ಲುತ್ತದೆ, ಬೇಕೆಂದಾಗ ತಿರುಗಿಸಲೂ ಆಗುತ್ತದೆ.

ಮೂರುಕಾಲು ಅವರ ಉತ್ತರಕ್ಕೆ ಒಂದು ತಿದ್ದುಪಡಿ. ತೂಕ ಬ್ಯಾಗಿನ ಪಟ್ಟಿಗೆ ಹೋದ ಮಾತ್ರಕ್ಕೆ ಸೊಂಟಕ್ಕೆ ಇಳಿಯುತ್ತದೆ ಅಂತಲ್ಲ. ಬೆನ್ನಿಗೆ ಗಟ್ಟಿ ಚೌಕಟ್ಟು, ಸೊಂಟಕ್ಕೆ ಪ್ಯಾಡ್ ಇರುವ ಅಗಲ ಬೆಲ್ಟ್ ಎರಡೂ ಇದ್ದರೆ ಒಂದು ಪಾಲು ಇಳಿಯುತ್ತದೆ. ಬೆಲ್ಟ್ ಅಂದರೆ ಬರೀ ಎರಡು ಬೆರಳ ಅಗಲದ ನೈಲಾನ್ ಪಟ್ಟಿ ಆದರೆ ಅದು ಬ್ಯಾಗು ಅಲ್ಲಾಡದ ಹಾಗೆ ಹಿಡಿಯುವುದಕ್ಕೆ ಮಾತ್ರ, ಭಾರ ಹೆಗಲಲ್ಲೇ. ಆದರೂ ಕತ್ತಿಗಿಂತ ಪ್ಯಾಡ್ ಇರುವ ಹೆಗಲುಪಟ್ಟಿ ವಾಸಿ.

ಮೂರುಕಾಲು

ಒಪ್ಪಿದೆ, ಸೊಂಟದ ಮಾತು ಬಿಟ್ಟುಹೋಗಿತ್ತು. ನನ್ನ ಕಡೆಯಿಂದಲೂ ಕ್ಲಿಪ್ಪಿಗೆ ಒಂದು ಆಕ್ಷೇಪ: ಊರುಗೋಲು ಹಿಡಿದು ನಡೆಯುವವರಿಗೆ ಎಡ ಮೊಣಕೈ ಪ್ರತಿ ಬೀಸಿಗೂ ಕ್ಯಾಮೆರಾದ ತುದಿಗೆ ತಾಕುತ್ತದೆ. ಅಗಲ ಎದೆಯವರಿಗೆ ಪರವಾಗಿಲ್ಲ. ಸಣ್ಣ ಹೆಗಲಿನವರು, ಎದೆ ತುಂಬಿರುವ ಹೆಂಗಸರು ಕ್ಲಿಪ್ಪಿಗಿಂತ ಎದೆಯ ಮುಂದೆ ತೂಗಿಸುವ ಎರಡು ಕೊಂಡಿಯ ವ್ಯವಸ್ಥೆಯನ್ನೇ ಮೊದಲು ಹಾಕಿ ನೋಡಿ. ಅದರದ್ದೂ ಒಂದು ತೊಂದರೆ ಇದೆ, ಕಡಿದಾದ ಇಳಿಜಾರಿನಲ್ಲಿ ಎದೆಯ ಮುಂದಿನ ಕ್ಯಾಮೆರಾ ಸ್ವಂತ ಪಾದವನ್ನೇ ಮರೆಮಾಡುತ್ತದೆ. ಹೆಜ್ಜೆ ಕಾಣಲೇಬೇಕಾದ ಜಾಗದಲ್ಲಿ, ಕೈ ಊರಿ ಹತ್ತಬೇಕಾದ ಬಂಡೆಯಲ್ಲಿ, ಯಾವ ಪಟ್ಟಿಯೂ ಬೇಡ: ಕ್ಯಾಮೆರಾ ಬ್ಯಾಗಿನೊಳಗೆ. ಮಣಿಕಟ್ಟಿನ ಪಟ್ಟಿ ಅಂತೂ ಅಲ್ಲಿ ತಪ್ಪು. ಜಾರಿದಾಗ ಕೈ ತಾನಾಗೇ ನೆಲಕ್ಕೆ ಹೋಗುತ್ತದೆ, ಕೈಗಿಂತ ಮೊದಲು ಕ್ಯಾಮೆರಾ ತಲುಪಿರುತ್ತದೆ.

ಹೊಲಿಗೆಪೆಟ್ಟಿಗೆ

ಯಾವ ವಿನ್ಯಾಸ ಅನ್ನೋದು ಅವರವರ ದೇಹಕ್ಕೆ ಬಿಟ್ಟದ್ದು. ಕಿತ್ತು ಬರುವುದು ಹೊಲಿಗೆ ಮತ್ತು ಬಕಲ್, ಅದನ್ನು ಎಲ್ಲರೂ ನೋಡಲೇಬೇಕು.

ಪಟ್ಟಿಯನ್ನು ಬೆಳಕಿಗೆ ಹಿಡಿದು ಹೊಲಿದ ಜಾಗ ನೋಡಿ. ಭಾರ ಹೊರುವ ಕಡೆ ಎರಡು ಬಗೆಯ ಹೊಲಿಗೆ ಇರುತ್ತದೆ: ಚೌಕದೊಳಗೆ ಗುಣಾಕಾರದ ಗುರುತಿನಂಥದ್ದು, ಇಲ್ಲವೇ ಪಟ್ಟಿಗೆ ಅಡ್ಡಲಾಗಿ ದಟ್ಟ ಅಂಕುಡೊಂಕು ಹೊಲಿಗೆ. ಎರಡೂ ಸರಿ. ಒಂದೇ ಸಾಲು ನೇರ ಹೊಲಿಗೆ ಇದ್ದರೆ ಬಿಡಿ. ಚರ್ಮದ ತುಂಡಿನೊಳಗೆ ನೈಲಾನ್ ತುದಿ ತೂರಿಸಿ ಹೊಲಿದ ಪಟ್ಟಿಗಳಲ್ಲಿ ಚರ್ಮವೇ ಬಲಹೀನ ಕೊಂಡಿ. ಸೂಜಿ ತೂತಿನ ಸಾಲಿನ ಮೇಲೆ ಮಡಿಚಿದಾಗ ಬಿಳಿ ಬಿರುಕು ಕಂಡರೆ ಅದರ ಆಯುಷ್ಯ ಮುಗಿದಂತೆ. ಬೆವರಿನ ಉಪ್ಪು ಚರ್ಮವನ್ನು ಒಣಗಿಸಿ ಗಟ್ಟಿ ಮಾಡುತ್ತದೆ, ಬಣ್ಣದ ಚರ್ಮವಾದರೆ ತಿಳಿ ಅಂಗಿಯ ಹೆಗಲಿಗೆ ಕಲೆ ಬೇರೆ.

ನೈಲಾನ್ ಒದ್ದೆಯಾದಾಗ ನೀರು ಹೀರಿ ಸ್ವಲ್ಪ ಹಿಗ್ಗುತ್ತದೆ, ಬಕಲ್ಲಿನಲ್ಲಿ ಜಾರುವುದೂ ಆಗಲೇ. ಪಾಲಿಯೆಸ್ಟರ್ ನೀರಿಗೂ ಬಿಸಿಲಿಗೂ ಮೇಲು. ಮುಟ್ಟಿದರೆ ಕಾರಿನ ಸೀಟುಬೆಲ್ಟಿನಂತೆ ನುಣ್ಣಗೆ, ದಟ್ಟವಾಗಿ, ಅಂಚು ದುಂಡಗೆ ಇರುವ ಪಟ್ಟಿ ಒಳ್ಳೆಯದು. ಅಂಚು ಗಡಸಾಗಿದ್ದರೆ ಎಷ್ಟು ಅಗಲವಿದ್ದರೂ ಅಂಚೇ ಕತ್ತು ಕೊಯ್ಯುತ್ತದೆ. ಅಗಲದ ಲೆಕ್ಕ ಹೇಳುವುದಾದರೆ ಪೀಕ್ ಡಿಸೈನ್ ಸ್ಲೈಡ್ 45 ಮಿಮೀ, ಅದರ ಹಗುರ ರೂಪ ಸ್ಲೈಡ್ ಲೈಟ್ 32 ಮಿಮೀ. 1.4 ಕೆಜಿಗೆ ದೊಡ್ಡದು, 700 ಗ್ರಾಂ ಒಳಗೆ ಚಿಕ್ಕದು. 50 ಮಿಮೀ ದಾಟಿದ ಪಟ್ಟಿ ಹೆಗಲ ಇಳಿಜಾರಿಗೆ ಚಪ್ಪಟೆಯಾಗಿ ಕೂರುವುದಿಲ್ಲ, ಒಳ ಅಂಚಿನ ಮೇಲೆಯೇ ನಿಲ್ಲುತ್ತದೆ. ಅಷ್ಟು ಅಗಲ ಬೇಕೆಂದರೆ ಬಾಳೆಹಣ್ಣಿನಂತೆ ಬಾಗಿಸಿ ಕತ್ತರಿಸಿದ ಪ್ಯಾಡ್ ನೋಡಿ.

ಈಗ ಬಕಲ್. ಹೆಚ್ಚಿನವರು ಪಟ್ಟಿಯ ತುದಿಯನ್ನು ಕಿವಿಯಿಂದ ತಂದು ಬಕಲ್ಲಿನ ಹೊರಬದಿಗೆ ತೂರಿಸಿ ಬಾಲ ಬಿಟ್ಟುಬಿಡುತ್ತಾರೆ. ಸರಿಯಾದ ಕ್ರಮ ಇದು: ತುದಿಯನ್ನು ಮೊದಲು ಪ್ಲಾಸ್ಟಿಕ್ ಕುಣಿಕೆಯೊಳಗೆ ಹಾಕಿ, ಹೊರಗಿಂದ ಒಳಕ್ಕೆ ಕ್ಯಾಮೆರಾದ ಕಿವಿಗೆ ತೂರಿಸಿ, ಹಿಂದಕ್ಕೆ ಮಡಿಸಿ ಅದೇ ಕುಣಿಕೆಯೊಳಗೆ ಮತ್ತೆ ತನ್ನಿ. ಬಕಲ್ಲಿನಲ್ಲಿ ಆಗಲೇ ಕೂತಿರುವ ಪಟ್ಟಿಯನ್ನು ಸ್ವಲ್ಪ ಸಡಿಲಿಸಿದರೆ ಒಂದು ಸಣ್ಣ ಕಮಾನು ಏಳುತ್ತದೆ. ಬಾಲವನ್ನು ಆ ಕಮಾನಿನ ಕೆಳಗೆ, ಬಕಲ್ಲಿನ ಎರಡು ಸೀಳಿನೊಳಗೆ ತೂರಿಸಿ, ಆಮೇಲೆ ಕಮಾನು ಎಳೆದು ಬಿಗಿ ಮಾಡಿ. ಈಗ ಬಾಲ ಎರಡು ಪದರದ ನಡುವೆ ಸಿಕ್ಕಿಕೊಂಡಿದೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹೊರಗೆ ನೇತಾಡುವ ಬಾಲವೂ ಇರುವುದಿಲ್ಲ, ಫೋಟೊ ತೆಗೆಯುವಾಗ ಕಣ್ಣಿಗೆ ಚುಚ್ಚುವುದಿಲ್ಲ. ಬಕಲ್ಲಿನಿಂದ ಆಚೆ ಕನಿಷ್ಠ 4 ಸೆಂ.ಮೀ. ಉಳಿದಿರಬೇಕು.

ಕಟ್ಟಿದ ಮೇಲೆ ಬಕಲ್ಲಿನ ಅಂಚಿಗೆ ಸರಿಯಾಗಿ ಪಟ್ಟಿಯ ಮೇಲೆ ಬಿಳಿ ದಾರದಲ್ಲಿ ಎರಡು ಹೊಲಿಗೆ ಹಾಕಿ ಅಥವಾ ಪೆನ್ನಿನಿಂದ ಗೆರೆ ಎಳೆಯಿರಿ. ಮಳೆಯಲ್ಲಿ ಒಂದು ದಿನ ನಡೆದ ಮೇಲೆ ಗೆರೆ ಬಕಲ್ಲಿನಿಂದ ದೂರ ಹೋಗಿದ್ದರೆ ಪಟ್ಟಿ ಜಾರುತ್ತಿದೆ. ಬರೀ ಕಣ್ಣಂದಾಜಿಗೆ ಇದು ಗೊತ್ತಾಗುವುದಿಲ್ಲ.

ತೊಳೆಯುವುದು: ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಹಲ್ಲುಜ್ಜುವ ಹಳೇ ಬ್ರಶ್ಶು, ನೆರಳಲ್ಲಿ ಒಣಗಿಸಿ. ಬ್ಲೀಚ್ ಬೇಡ.

ಕಾಲ್ದಾರಿ

ಬ್ಯಾಗಿನ ಪಟ್ಟಿ ಅಳೆದೆ, 7 ಸೆಂ.ಮೀ. ಹಾಗಾಗಿ ಕ್ಲಿಪ್ ಕೂರಲ್ಲ, ಎರಡು ಕೊಂಡಿಯ ದಾರಿಯೇ. ಇನ್ನೆರಡು ಪ್ರಶ್ನೆ. ಊರು ಸುತ್ತುವಾಗ ಏನು ಹಾಕಲಿ? ಮತ್ತೆ, ಕ್ಯಾಮೆರಾದ ಕಿವಿಗಿರುವ ತ್ರಿಕೋನ ಉಂಗುರ ಇಡೀ ದಿನ ಕಿಣಿಕಿಣಿ ಅನ್ನುತ್ತೆ. ಅದನ್ನು ತೆಗೆದು ದಾರದ ಕೊಂಡಿ ಹಾಕಬಹುದಾ?

ಕಿಟಕಿಸೀಟು

ಊರಿಗೆ ಸ್ಲಿಂಗ್. ಬ್ಯಾಗ್ ಇಲ್ಲ, ಹೆಗಲು ಖಾಲಿ, ಮೂರುಕಾಲು ಹೇಳಿದ ಎರಡನೇ ಜಾತಿಯದ್ದು, ಇಡೀ ಪಟ್ಟಿಯೇ ಜಾರುವಂಥದ್ದು, ಇಲ್ಲಿ ಸೊಗಸಾಗಿ ಜಾರುತ್ತದೆ. ಎಡಹೆಗಲಿಂದ ಬಲಸೊಂಟಕ್ಕೆ, ಕ್ಯಾಮೆರಾ ಸೊಂಟದ ಮೂಳೆಯ ಮೇಲೆ, ಸ್ವಲ್ಪ ಹಿಂದೆ ಕೂರುವಷ್ಟು ಉದ್ದ. ಒಂದು ತುದಿ ಕ್ಯಾಮೆರಾದ ಕಿವಿಗೆ, ಇನ್ನೊಂದು ತುದಿ ತಳದ ಪ್ಲೇಟಿನ ಮೂಲೆಗೆ ಹಾಕಿ. ಎರಡೂ ಕಿವಿಗೆ ಹಾಕಿದರೆ ಲೆನ್ಸ್ ಹೊರಕ್ಕೆ ಚಾಚಿ ನಿಲ್ಲುತ್ತದೆ, ಎದುರಿಗೆ ಬಂದವರ ಮೊಣಕೈಗೂ ಬಾಗಿಲ ಚೌಕಟ್ಟಿಗೂ ಅದೇ ತಾಕುವುದು. ಒಂದು ತುದಿ ತಳಕ್ಕೆ ಹೋದರೆ ಲೆನ್ಸ್ ಕೆಳಮುಖವಾಗಿ ಮೈಗೆ ಅಂಟಿಕೊಳ್ಳುತ್ತದೆ.

ತುಂಬಿದ ಬಸ್ಸಿನಲ್ಲಿ ಕ್ಯಾಮೆರಾ ಹೊಟ್ಟೆಯ ಮುಂದಕ್ಕೆ ತಂದು ಪಟ್ಟಿ ಗಿಡ್ಡ ಮಾಡಿ. ಕಂಪನಿ ಹೆಸರು ದಪ್ಪಕ್ಷರದಲ್ಲಿ ಬರೆದಿರುವ ಪಟ್ಟಿ ಬೇಡ, ಮಾದರಿ ಸಂಖ್ಯೆ ಬರೆದಿರುವುದಂತೂ ಬೆಲೆಚೀಟಿ ಅಂಟಿಸಿಕೊಂಡ ಹಾಗೆ. ಒಳಗೆ ಉಕ್ಕಿನ ತಂತಿ ಇರುವ ಪಟ್ಟಿಗಳೂ ಇವೆ; ಬ್ಲೇಡು ತಡೆಯುತ್ತವೆ, ಆದರೆ ಗಡಸು. ಅಗತ್ಯ ಕಂಡರೆ ತಗೊಳ್ಳಿ.

ಕ್ಯಾಮೆರಾ ಬೀಳುವುದು ಹೆಗಲಿಂದಲೇ ಅಂದುಕೊಂಡರೆ ತಪ್ಪು. ಹೋಟೆಲ್ ಮೇಜಿನ ಮೇಲಿಟ್ಟ ಕ್ಯಾಮೆರಾದ ಪಟ್ಟಿ ಅಂಚಿನಿಂದ ಕೆಳಗೆ ಇಳಿಬಿದ್ದಿರುತ್ತದೆ, ಯಾರದೋ ಮೊಣಕಾಲು, ಕುರ್ಚಿಯ ಕಾಲು, ಮಗುವಿನ ಕೈ. ಇಟ್ಟ ಕೂಡಲೇ ಪಟ್ಟಿಯನ್ನು ಲೆನ್ಸಿನ ಸುತ್ತ ಸುತ್ತಿಬಿಡಿ.

ಸ್ಲಿಂಗನ್ನು ತಳದ ಸ್ಕ್ರೂಗೆ ಮಾತ್ರ ತೂಗಿಸುವ ಮಾದರಿ ಕೊಂಡರೆ ಹಕ್ಕಿಮರ ಹೇಳಿದ ಸಡಿಲದ ಮಾತು ಇಲ್ಲಿ ಇನ್ನೂ ಜೋರಾಗಿ ಅನ್ವಯ, ಯಾಕೆಂದರೆ ಇಡೀ ಭಾರ ಒಂದೇ ಸ್ಕ್ರೂ ಮೇಲೆ, ಸುತ್ತಲು ಅಡ್ಡಿಯೂ ಇಲ್ಲ. ಕಿವಿಗೆ ಒಂದು ತೆಳು ಕಾವಲು ದಾರ ಇರಲೇಬೇಕು. ಟ್ರೈಪಾಡಿಗೆ ಕೂರಿಸಲು ಲೆನ್ಸಿನಲ್ಲೇ ಕಾಲು ಇರುವ ಉದ್ದ ಲೆನ್ಸ್ ಹಾಕಿದಾಗ ಪಟ್ಟಿಯನ್ನು ಬಾಡಿಗಲ್ಲ, ಲೆನ್ಸಿನ ಆ ಕಾಲಿಗೆ ಕಟ್ಟಿ. 2 ಕೆಜಿ ಲೆನ್ಸ್ ಬಾಡಿಯ ಮೌಂಟಿನಿಂದ ನೇತಾಡಬಾರದು.

ಹೊಲಿಗೆಪೆಟ್ಟಿಗೆ

ಉಂಗುರ ತೆಗೆಯಬಹುದು. ಮೊದಲು ಅದರ ಹಿಂದಿನ ಪ್ಲಾಸ್ಟಿಕ್ ಬಿಲ್ಲೆ ಜಾರಿಸಿ ಹೊರತೆಗೆಯಿರಿ, ಬಾಡಿಗೆ ಗೀಚಾಗದಂತೆ ಕಿವಿಯ ಸುತ್ತ ಕಾಗದದ ಟೇಪು ಅಂಟಿಸಿ, ಉಂಗುರದ ಸೀಳಿಗೆ ಉಗುರು ಅಥವಾ ಬಟ್ಟೆ ಸುತ್ತಿದ ತೆಳು ನಾಣ್ಯ ಹಾಕಿ ಬಿಡಿಸುತ್ತಾ ಸುತ್ತಿಸಿ. ಪಕ್ಕಕ್ಕೆ ಅಗಲಿಸಿ ಎಳೆಯಬೇಡಿ, ಉಂಗುರ ಮತ್ತೆ ಮೊದಲಿನಂತೆ ಮುಚ್ಚಿಕೊಳ್ಳುವುದಿಲ್ಲ.

ದಾರ ಹಾಕುವ ಮೊದಲು ಕಿವಿಯ ತೂತಿನೊಳಗೆ ಒಂದು ಎಳೆ ಹತ್ತಿ ಎಳೆದು ನೋಡಿ. ಹತ್ತಿಯ ನಾರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಚೂಪು ಅಂಚಿದೆ, ಅದು ದಿನವೂ ದಾರ ಕೊಯ್ಯುತ್ತದೆ. ಅಂಥ ಕಿವಿಗೆ ದಾರ ಬೇಡ, ದುಂಡು ಉಂಗುರ ಹಾಕಿ ಅದರ ಮೇಲೆ ಚರ್ಮದ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ ಕೂರಿಸಿ, ಕಿಣಿಕಿಣಿಯೂ ನಿಲ್ಲುತ್ತದೆ. ನುಣುಪಾಗಿದ್ದರೆ ದಾರ ನೇರ ಹಾಕಬಹುದು. ತೂತು ಬಿಗಿಯಾಗಿ ದಾರ ಒಳಗೆ ಹೋಗದಿದ್ದರೆ ಹಲ್ಲಿನ ಸಂದು ಸ್ವಚ್ಛ ಮಾಡುವ ದಾರವನ್ನು ಕುಣಿಕೆ ಮಾಡಿ ಅದಕ್ಕೆ ಸಿಕ್ಕಿಸಿ ಎಳೆಯಿರಿ.

ಪೀಕ್ ಡಿಸೈನ್ ಆಂಕರ್‌ಗಳಿಗೂ (ಕಿವಿಗೆ ಹಾಕುವ ದಾರದ ಕೊಂಡಿ) 90 ಕೆಜಿ ಎಂದೇ ಬರೆದಿರುತ್ತದೆ. ಅದು ಹೊಸ ದಾರದ ಮಾತು. ಹೊರಪದರ ಸವೆದು ಒಳಗಿನ ಬೇರೆ ಬಣ್ಣ ಇಣುಕಿತೋ, ಅವತ್ತೇ ಬದಲಿಸಿ. ಬಣ್ಣ ಕಾಣುವ ಜಾಗ ಸಾಮಾನ್ಯವಾಗಿ ಕಿವಿಯೊಳಗಿನ ಮಡಿಕೆ, ಅದಕ್ಕೆ ತಿಂಗಳಿಗೊಮ್ಮೆ ದಾರವನ್ನು ಅರ್ಧ ಸುತ್ತು ಜರುಗಿಸಿ ಒಳಮಡಿಕೆಯನ್ನು ಹೊರಗೆ ತಂದು ನೋಡಬೇಕು. ಎದೆಗೆ ತೂಗಿಸುವ ಆ ಎರಡು ಗಿಡ್ಡ ಪಟ್ಟಿಗಳಿಗೂ, ಊರಿನ ಸ್ಲಿಂಗಿಗೂ ಒಂದೇ ಬಗೆಯ ಕೊಂಡಿ ಇಟ್ಟರೆ ಪಟ್ಟಿ ಬದಲಿಸುವುದು ಅರೆನಿಮಿಷದ ಕೆಲಸ. ಆಂಕರ್ ಒಟ್ಟು ಮೂರು ಬೇಕು: ಎರಡು ಕಿವಿಗೆ, ಒಂದು ತಳದ ಪ್ಲೇಟಿಗೆ.